ಯಾವ ಮೀನಿನ ಜೋಡಿ ಯಾವ ಮೀನು? ಅಂಗಡಿಗೆ ಹೋಗೋ ಮುಂಚೆ ನೋಡ್ಕೋಬೇಕಾದ್ದು

ಟ್ಯಾಂಕಿನ್ಯಾಗ ಬ್ಯಾರೆ ಬ್ಯಾರೆ ಮೀನು ಕೂಡಿಸಿ ಇಡಬೇಕು ಅಂದ ಕೂಡ್ಲೆ ಎಲ್ಲಾರೂ ಕೇಳೋದು ಒಂದ: ಯಾವ ಮೀನು ಜಗಳ ಮಾಡ್ತೈತಿ, ಯಾವುದು ಸುಮ್ನಿರ್ತೈತಿ ಅಂತ. ಅದು ಎರಡನೇ ಪ್ರಶ್ನೆ ರೀ. ಮೊದಲನೇದು ನಿಮ್ಮ ಮನಿಗೆ ಬರೋ ನೀರು ಎಂಥಾದ್ದು ಅನ್ನೋದು. ಎರಡು ಜಾತಿ ಮೀನು ಒಂದನ್ನೊಂದು ಮುಟ್ಟದಂಗ ಆರಾಮ ತಿರಗ್ಯಾಡಬಹುದು, ಆದ್ರ ಒಂದಕ್ಕ ಹಿಡಿಸೋ ನೀರು ಇನ್ನೊಂದಕ್ಕ ಹಿಡಿಸಂಗಿಲ್ಲ ಅಂದ್ರ ಒಂದು ಮಾತ್ರ ದಿನಾ ಸೊರಗಕೋತ ಹೋಗ್ತೈತಿ, ನಾವು "ಯಾಕೋ ಈ ಮೀನು ನಮ್ಮ ಮನ್ಯಾಗ ನಿಲ್ಲಂಗಿಲ್ಲ ನೋಡ್ರಿ" ಅಂತ ಮತ್ತ ಅದನ್ನ ತರ್ತೀವಿ, ಮತ್ತ ಅದ ಕತಿ.

ಹುಬ್ಬಳ್ಳಿ-ಧಾರವಾಡದಾಗ ನಳಕ್ಕ ಬರೋದು ಹೆಚ್ಚಾಗಿ ಸವದತ್ತಿ ಕಡೆ ಮಲಪ್ರಭಾ ಡ್ಯಾಮಿನ ನೀರು. ಗದಗ, ಹಾವೇರಿ ಕಡೆ ತುಂಗಭದ್ರಾ. ಈ ಹೊಳಿ ನೀರು ತಕ್ಕಮಟ್ಟಿಗೆ ಮೆತ್ತಗ, ಅಂದ್ರ ಕರಗಿದ ಖನಿಜ ಕಮ್ಮಿ, ಇರ್ತೈತಿ, ಬಹಳಷ್ಟು ಮೀನಿಗೆ ನಡೀತೈತಿ. ಆದ್ರ ನಳದ ನೀರು ದಿನಾ ಬರಂಗಿಲ್ಲಲ್ಲ, ಭಾಳ ಮನ್ಯಾಗ ಸಂಪಿನ್ಯಾಗ ಬೋರಿನ ನೀರೂ ಕೂಡಿರ್ತೈತಿ, ಹೊಸಾ ಲೇಔಟ್‌ನ್ಯಾಗ ಇದ್ರಂತೂ ಪೂರಾ ಬೋರ್. ಬೋರಿನ ನೀರು ಅಂದ್ರ ನಮ್ಮ ಕಡೆ ಸವಳ, ಅಂದ್ರ ಖನಿಜ ಹೆಚ್ಚಿರೋ ಗಡಸು ನೀರು. ಗದಗ ಜಿಲ್ಲಾದಾಗ ಮುಂಡರಗಿ ಕಡೆ ಫ್ಲೋರೈಡಿನ ತ್ರಾಸ ಬ್ಯಾರೆ. ನಿಮ್ಮ ನೀರು ಸವಳ ಐತೋ ಇಲ್ಲೋ ತಿಳ್ಕೊಳ್ಳಾಕ ದೊಡ್ಡ ಲ್ಯಾಬ್ ಬ್ಯಾಡ, ಬಕೆಟ್ಟಿನ ಅಂಚಿಗೆ, ನಳದ ಬಾಯಿಗೆ, ಗೀಸರ್ ಕಾಯಿಲಿಗೆ ಬೆಳ್ಳಗ ಪದರ ಕಟ್ಟತೈತಿ ಅಂದ್ರ ಸವಳ, ಸಬಕಾರ ನೊರಿ ಬರಂಗಿಲ್ಲ ಅಂದ್ರ ಸವಳ. ಆರ್‌ಓ ಮೆಷಿನ್ ರಿಪೇರಿಗೆ ಬರೋ ಹುಡುಗನ ಕಡೆ ಟಿಡಿಎಸ್ ಮೀಟರ್ (ನೀರಿನ್ಯಾಗ ಕರಗಿದ ಖನಿಜ, ಉಪ್ಪು ಎಷ್ಟು ಅಂತ ಅಳಿಯೋದು) ಇರ್ತೈತಿ, ಅವಂಗ ಹೇಳಿ ಸಂಪಿನ ನೀರಿಗೂ ಒಮ್ಮೆ ಅದ್ದಿಸಿ ನೋಡ್ರಿ. ಮೀನಿನ ಅಂಗಡ್ಯಾಗ ಪಿಎಚ್ (ನೀರಿನ ಹುಳಿ ಅಳತಿ, 7ಕ್ಕಿಂತ ಕಮ್ಮಿ ಇದ್ರ ಹುಳಿ) ನೋಡೋ ಸಣ್ಣ ಕಿಟ್ ಸಿಗ್ತೈತಿ, ಅದನ್ನ ತಗೊಂಡ್ರ ಲುಕ್ಸಾನಿಲ್ಲ.

ಈಗ ಮೀನಿನ ಲೆಕ್ಕ. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಈ ಮರಿ ಹಾಕೋ ಗುಂಪಿನವು ಸವಳ ನೀರಿನ್ಯಾಗ ಗಟ್ಟಿಮುಟ್ಟ ಇರ್ತಾವ, ಪಿಎಚ್ 7ರಿಂದ 8ರ ತನಕ ಇದ್ರ ಇವಕ್ಕ ಹಬ್ಬ. ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ ಇವು ಅಮೆಜಾನ್ ಕಡೆಯ ಮೆತ್ತನ್ನ ಹುಳಿ ನೀರಿನವು, 6ರಿಂದ 7ರ ಪಿಎಚ್ ಬೇಡ್ತಾವ. ಗಪ್ಪಿ ಜೋಡಿ ನಿಯಾನ್ ಹಾಕಿದ್ರ ಎರಡೂ ಸಣ್ಣು, ಎರಡೂ ಸಭ್ಯ, ಜಗಳ ಇಲ್ಲ ಗದ್ಲ ಇಲ್ಲ. ಆದ್ರ ಬೋರಿನ ನೀರಿನ್ಯಾಗ ಗಪ್ಪಿ ಮರಿ ಮ್ಯಾಲ ಮರಿ ಹಾಕ್ಕೋತ ಹೋಗ್ತಾವ, ನಿಯಾನ್ ಒಂದೊಂದ ಕಮ್ಮಿ ಆಗ್ತಾವ. ಅಂಗಡಿಯವರನ್ನ ಕೇಳಿದ್ರ "ಏನೂ ಆಗಂಗಿಲ್ಲ ಸರ್, ಅಡ್ಜಸ್ಟ್ ಆಗ್ತಾವ" ಅಂತಾರ, ಈ ಅಡ್ಜಸ್ಟ್ ಅನ್ನೋ ಮಾತು ಕೇಳಿದ ಕೂಡ್ಲೆ ಎರಡು ಹೆಜ್ಜಿ ಹಿಂದ ಸರೀರಿ. ನಿಯಾನ್ ಬೇಕ ಬೇಕು ಅಂತ ಹಟ ಇದ್ರ ಆರ್‌ಓ ನೀರನ್ನ ಬೋರಿನ ನೀರಿಗೆ ಅರ್ಧಕ್ಕರ್ಧ ಕಲಿಸಿ ಹಾಕಬೇಕು, ಬರೇ ಆರ್‌ಓ ಹಾಕಬ್ಯಾಡ್ರಿ, ಅದರಾಗ ಮೀನಿಗೆ ಬೇಕಾದ ಖನಿಜ ಉಳಿದಿರಂಗಿಲ್ಲ, ಪಿಎಚ್ ಏಕದಂ ಕುಸೀತೈತಿ. ಮತ್ತ ಒಂದು ಸಲ ಈ ಮಿಶ್ರಣ ಚಾಲೂ ಮಾಡಿದ ಮ್ಯಾಲ ಪ್ರತಿ ವಾರ ನೀರು ಬದಲ ಮಾಡುವಾಗೂ ಅದ ಅಳತಿ ಬೇಕು, ಈ ವಾರ ಬೋರು ಮುಂದಿನ ವಾರ ನಳ ಅಂತ ಮಾಡಿದ್ರ ಮೀನಿಗೆ ಸವಳಕ್ಕಿಂತ ಆ ಏರುಪೇರ ಭಾರಿ ಆಗ್ತೈತಿ. ಆರ್‌ಓ ಮೆಷಿನ್ ಹೊರಗ ಬಿಡೋ ವೇಸ್ಟ್ ನೀರನ್ನ ಟ್ಯಾಂಕಿಗೆ ಹಾಕೋರೂ ಅದಾರ, ದಯಮಾಡಿ ಬ್ಯಾಡ್ರಿ, ಅದು ಮೊದಲಿಗಿಂತ ಇನ್ನೂ ಸವಳ.

ನಳದ ನೀರು ಹಾಕೋರಿಗೆ ಕ್ಲೋರಿನ್ ವಿಚಾರ. ನೀರು ಬಿಟ್ಟ ದಿನ ಕೊಡದಾಗ ಮೂಗು ಇಟ್ಟರ ಬ್ಲೀಚಿಂಗ್ ವಾಸನಿ ಹೊಡೀತೈತಿ, ಅದನ್ನ ಹಂಗ ಸುರವಿದ್ರ ಮೀನಿನ ಕಿವಿರು ಸುಡ್ತಾವ. ಬಕೆಟ್ಟಿನ್ಯಾಗ ಒಂದು ದಿನ ತೆರೆದಿಟ್ಟು ಹಾಕ್ರಿ, ಇಲ್ಲಾ ಆಂಟಿ-ಕ್ಲೋರಿನ್ ಹನಿ ಹಾಕ್ರಿ, ಅಗ್ಗ ಐತಿ.

ನೀರಾದ ಮ್ಯಾಲ ಬಿಸಿಲು-ಚಳಿ. ನಮ್ಮ ಕಡೆ ಏಪ್ರಿಲ್-ಮೇದಾಗ 37-38 ಡಿಗ್ರಿ ಮುಟ್ಟತೈತಿ, ಡಿಸೆಂಬರ್ ರಾತ್ರಿ ಧಾರವಾಡದಾಗ 15ರ ಸುತ್ತಮುತ್ತ ಇಳೀತೈತಿ, ಸಣ್ಣ ಟ್ಯಾಂಕಿನ ನೀರು ಇವೆರಡನ್ನೂ ಲಗೂನ ಹಿಡ್ಕೋತೈತಿ. ಗೋಲ್ಡ್ ಫಿಶ್ ತಂಪಿನ ಮೀನು, 18-22 ಡಿಗ್ರಿ ಅದಕ್ಕ ಸುಖ. ಏಂಜಲ್ 25-28ರಾಗ ಖುಷಿ, ಡಿಸ್ಕಸ್ 28-30 ಬೇಡ್ತೈತಿ, ನಿಯಾನ್ 21-25ರ ಒಳಗ. ಇದರ ಮ್ಯಾಲ ಗೋಲ್ಡ್ ಫಿಶ್ ಜೋಡಿ ಏಂಜಲ್ ಇಟ್ಟು ನಡುವ ಹೀಟರ್ ಹಾಕಿದ್ರ ಯಾರಿಗೆ ನ್ಯಾಯ ಮಾಡಿದಂಗಾಯ್ತು? ಗೋಲ್ಡ್ ಫಿಶ್ ಅಂತೂ ಹೊಲಸ ಮಾಡೋದ್ರಾಗ ಒಂದನೇ ನಂಬರ್, ಬಾಯಿಗೆ ಹಿಡಿಸೋ ಸಣ್ಣ ಮೀನು ಸಿಕ್ಕರ ನುಂಗಾಕೂ ಹಿಂದ ಮುಂದ ನೋಡಂಗಿಲ್ಲ. ಅದನ್ನ ಗೋಲ್ಡ್ ಫಿಶ್ ಜೋಡೀನ ಇಡ್ರಿ, ಅಷ್ಟ. ಇನ್ನ ವಾಸ್ತು ಅಂತ ಹೇಳಿ ಎಂಟು ಬಂಗಾರ ಬಣ್ಣದ್ದು ಒಂದು ಕರೀದು, ಒಟ್ಟು ಒಂಬತ್ತು ಗೋಲ್ಡ್ ಫಿಶ್ ಎರಡು ಫೂಟಿನ ಟ್ಯಾಂಕಿನ್ಯಾಗ ತುಂಬತಾರ. ನಂಬಿಕಿ ನಿಮ್ಮದು, ಅದರ ಬಗ್ಗೆ ನಾ ಏನೂ ಅನ್ನಂಗಿಲ್ಲ, ಆದ್ರ ಒಂಬತ್ತು ಗೋಲ್ಡ್ ಫಿಶ್ಶಿಗೆ ಬೇಕಾಗೋ ಟ್ಯಾಂಕ್ ಇಡಾಕ ಹಾಲ್‌ನ್ಯಾಗ ಸೋಫಾ ತಗೀಬೇಕಾಗ್ತೈತಿ.

ಟ್ಯಾಂಕಿನ ಲೆಕ್ಕ ಹಿಂಗ ಹಾಕ್ರಿ: ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನ್ಯಾಗ ಅಳದು ಗುಣಿಸಿ 1000ದಿಂದ ಭಾಗಿಸಿದ್ರ ಲೀಟರ್. ಎರಡು ಫೂಟಿನ ಟ್ಯಾಂಕ್ ಅಂತ ಮಾರೋದು, 24-12-12 ಇಂಚಿಂದು, ಹೇಳಾಕ 56 ಲೀಟರ್, ಕಲ್ಲು ಉಸುಕು ಹಾಕಿ ಮ್ಯಾಲ ಸ್ವಲ್ಪ ಜಾಗಾ ಬಿಟ್ಟರ ಖರೇ ನೀರು 45 ಲೀಟರ್ ಆಜುಬಾಜು. ಮೂರು ಫೂಟಿಂದು 36-15-18 ಇದ್ರ 159 ಲೀಟರ್, ಖರೇ ನೀರು 130. ಎಷ್ಟು ಮೀನು ಅನ್ನೋದಕ್ಕ ಮೀನಿನ ಉದ್ದದ ಇಂಚಿಗಿಷ್ಟು ಲೀಟರ್ ಅಂತ ಸೂತ್ರ ಹೇಳ್ತಾರ, ಸಣ್ಣ ತೆಳ್ಳನ್ನ ಮೀನಿಗೆ ಅದು ಅಂದಾಜಿಗೆ ಸರಿ, ಅಗಲ ಮೈಯಿನ ಮೀನಿಗೆ ಉಪಯೋಗಿಲ್ಲ.

ಈಗ ಅಂಗಡ್ಯಾಗ ಭಾಳ ಮಂದಿ ಎಡವೋ ಜಾಗಾಕ್ಕ ಬರೂಣು. ಅಲ್ಲಿ ಕಾಣೋದು ಮರಿ. ಎರಡಿಂಚಿನ ಮೀನು ನೋಡಿ "ಚಂದ ಐತಲ್ಲ, ಇದೂ ಎರಡು ಹಾಕ್ರಿ" ಅಂತೀವಿ, ಅದು ಬೆಳೆದ ಮ್ಯಾಲ ಎಷ್ಟಾಗ್ತೈತಿ ಅಂತ ಕೇಳಂಗಿಲ್ಲ. ಎಲ್ಲಾಕ್ಕಿಂತ ದೊಡ್ಡ ಮೋಸ ಶಾರ್ಕ್ ಅನ್ನೋ ಹೆಸರು. ಅಂಗಡ್ಯಾಗ ಶಾರ್ಕ್ ಅಂತ ಕೊಡೋ ಬೆಳ್ಳಿ ಬಣ್ಣದ ಚುರುಕು ಮೀನು ಶಾರ್ಕೂ ಅಲ್ಲ ಏನೂ ಅಲ್ಲ, ಪಂಗಾಸಿಯಸ್ ಅಂತ ಮೀಸಿ ಮೀನು, ಮೆಕಾಂಗ್ ಹೊಳಿಯದ್ದು, ಹೋಟೆಲ್‌ನ್ಯಾಗ ಬಾಸಾ ಅಂತ ಪ್ಲೇಟಿಗೆ ಬರ್ತೈತಲ್ಲ ಅದ. ಮೀಟರ್ ಉದ್ದ ಮೀರಿ ಬೆಳಿಯೋ ಜಾತಿ. ಅದನ್ನ ಗಪ್ಪಿ ಜೋಡಿ ಹಾಕಿ ಕೊಡ್ತಾರ. ಮೊದಲ ಕೆಲವು ತಿಂಗಳು ಏನೂ ಆಗಂಗಿಲ್ಲ, ಆಮ್ಯಾಲ ಒಂದು ಮುಂಜಾನಿ ಎಣಿಸಿದ್ರ ಗಪ್ಪಿ ಲೆಕ್ಕ ತಪ್ಪಿರ್ತೈತಿ. ಸಿಲ್ವರ್ ಶಾರ್ಕ್ ಅಂತ ಇನ್ನೊಂದು ಐತಿ, ಸ್ವಭಾವದಾಗ ಪಾಪದ್ದು, ಆದ್ರ ಒಂದು ಫೂಟು ಬೆಳೀತೈತಿ, ಗಾಬರಿ ಆದ್ರ ಟ್ಯಾಂಕಿನ ಹೊರಗ ಹಾರ್ತೈತಿ. ರೆಡ್‌ಟೇಲ್ ಶಾರ್ಕ್ ಅಂತ ಕರೀ ಮೈ ಕೆಂಪ ಬಾಲದ್ದು, ಅದು ಐದಾರು ಇಂಚ ಅಷ್ಟ, ಆದ್ರ ನೆಲದ ಜಾಗಾ ಎಲ್ಲಾ ತಂದ ಅಂತೈತಿ, ತನ್ನಂಗ ಕಾಣೋ ಇನ್ನೊಂದನ್ನ ಬದಕಗೊಡಂಗಿಲ್ಲ, ಇಟ್ಟರ ಒಂದ ಇಡ್ರಿ ಅದೂ ದೊಡ್ಡ ಟ್ಯಾಂಕಿನ್ಯಾಗ. ರೆಡ್‌ಟೇಲ್ ಕ್ಯಾಟ್‌ಫಿಶ್ ಮನಿಗೆ ತರೂದ ಬ್ಯಾಡ, ಅದೂ ಮೀಟರ್ ಮೀರತೈತಿ.

ಎರಡನೇದು ಸಕ್ಕರ್ ಫಿಶ್. "ಗಾಜು ಸ್ವಚ್ಛ ಮಾಡ್ತೈತಿ, ಹೇಲು ತಿಂತೈತಿ" ಅಂತ ಎಲ್ಲಾ ಟ್ಯಾಂಕಿಗೂ ಒಂದು ಫ್ರೀ ಕೊಟ್ಟಂಗ ಕೊಡ್ತಾರ. ಹೇಲು ತಿಂದು ಟ್ಯಾಂಕು ಸ್ವಚ್ಛ ಇಡೋ ಮೀನು ಅಂತ ಇಲ್ಲ ರೀ, ಅದರ ಮ್ಯಾಲ ಸಕ್ಕರ್ ತಾನ ಎಲ್ಲಾರಿಗಿಂತ ಹೆಚ್ಚು ಹಾಕ್ತೈತಿ. ಒಂದು ಫೂಟಿಗಿಂತ ಉದ್ದ ಬೆಳೀತೈತಿ. ಹೊಟ್ಟಿ ತುಂಬಲಿಲ್ಲಂದ್ರ ರಾತ್ರಿ ಲೈಟ್ ಆರಿಸಿದ ಮ್ಯಾಲ ಏಂಜಲ್, ಗೋಲ್ಡ್ ಫಿಶ್, ಡಿಸ್ಕಸ್ ಇಂಥಾ ಅಗಲ ಮೈಯಿನ, ನಿಧಾನದ ಮೀನಿಗೆ ಅಂಟಿಕೊಂಡು ಮೈ ಮೇಲಿನ ಲೋಳಿ ಪದರ ಹೀರ್ತೈತಿ, ಮುಂಜಾನಿ ನೋಡಿದ್ರ ಮೀನಿನ ಪಕ್ಕಕ್ಕ ಗಾಯ, ಯಾರ ಮಾಡಿದ್ರು ಅಂತ ಗೊತ್ತಾಗಂಗಿಲ್ಲ. ಪಾಚಿ ತಿನ್ನಾಕ ಬೇಕಂದ್ರ ಬ್ರಿಸಲ್‌ನೋಸ್ ಪ್ಲೆಕೊ ಕೇಳ್ರಿ, ಅದು ಐದಿಂಚಿಗೆ ನಿಲ್ಲತೈತಿ. ಹುಬ್ಬಳ್ಳ್ಯಾಗ ಯಾವಾಗ್ಲೂ ಸಿಗಂಗಿಲ್ಲ, ಹೇಳಿಟ್ಟರ ತರಿಸಿ ಕೊಡ್ತಾರ.

ಯಾವ ಮೀನು ಯಾವುದನ್ನ ತಿಂತೈತಿ ಅನ್ನೋದಕ್ಕ ಒಂದ ಲೆಕ್ಕ ಸಾಕು: ಸಣ್ಣದರ ಮೈ ದೊಡ್ಡದರ ಬಾಯಾಗ ಹಿಡಿಸ್ತೈತಿ ಅಂದ್ರ ಅದು ಇವತ್ತಲ್ಲ ನಾಳೆ ಊಟ. ಸ್ವಭಾವ ಎಷ್ಟ ಚಲೋ ಇದ್ರೂ. ಏಂಜಲ್ ಮೀನು ನೋಡಾಕ ದೇವರಂಗ ನಿಂತಿರ್ತೈತಿ, ಆದ್ರ ಬೆಳೆದ ಏಂಜಲ್ ನಿಯಾನ್‌ಗಳನ್ನ ಒಂದೊಂದ ಎತ್ತಿ ಹಾಕ್ತೈತಿ, ಮೂಲ ಊರಾಗೂ ಸಣ್ಣ ಮೀನು ಅದರ ಕೂಳು. ಅದಕ್ಕ ಏಂಜಲ್ ಇಡೋರು ಎತ್ತರ 18 ಇಂಚಿನ ಟ್ಯಾಂಕ್ ತಗೊಂಡು, ಜೋಡಿಗೆ ಕಾಂಗೋ ಟೆಟ್ರಾದಂಗ ಮೂರಿಂಚಿನ ಮೀನು ಇಡ್ರಿ. ಆಸ್ಕರ್, ಫ್ಲವರ್‌ಹಾರ್ನ್, ಅರೋವಾನಾ ಇವನ್ನ ಈ ಬರಹದಾಗ ಹಿಡಿಯಂಗ ಇಲ್ಲ. ಫ್ಲವರ್‌ಹಾರ್ನ್ ಅಂದ್ರ ಮಲೇಷ್ಯಾದಾಗ 1990ರ ದಶಕದಾಗ ತಳಿ ಕೂಡಿಸಿ ಮಾಡಿದ ಮೀನು, ತನ್ನ ನೆರಳು ಕಂಡರೂ ಗುದ್ದಾಕ ಹೋಗ್ತೈತಿ, ಅದಕ್ಕ ಒಂಟಿ ಮನೀನ ಸರಿ.

ಬಾಯಿ ಸಣ್ಣ ಇದ್ರೂ ಕಾಡೋ ಮೀನು ಅದಾವ, ಅವು ತಿನ್ನಂಗಿಲ್ಲ, ಬಾಲ ಕಡೀತಾವ. ಟೈಗರ್ ಬಾರ್ಬ್ ಇದರಾಗ ಹೆಸರುವಾಸಿ. ಮೂರು ನಾಕು ಟೈಗರ್ ತಂದು ಏಂಜಲ್ ಜೋಡಿ ಹಾಕಿದ್ರ ಆ ಉದ್ದ ರೆಕ್ಕಿ ದಾರ ದಾರ ಆಗ್ತಾವ, ಗಪ್ಪಿ ಬಾಲ ಹೋಗ್ತೈತಿ, ಗುರಾಮಿ ಮೀಸಿ ಹೋಗ್ತಾವ, ಫೈಟರ್ ಮೂಲ್ಯಾಗ ಅಡಗಿ ಕೂಡ್ತೈತಿ. ತಮಾಷಿ ಏನಂದ್ರ ಇದಕ್ಕ ಇಲಾಜು ಟೈಗರ್ ಕಮ್ಮಿ ಮಾಡೋದಲ್ಲ, ಜಾಸ್ತಿ ಮಾಡೋದು. ಓಣಿ ಕಟ್ಟಿ ಮ್ಯಾಲ ಕುಂತ ಹುಡುಗರಂಗ, ಗ್ಯಾಂಗ್ ದೊಡ್ಡದಿದ್ರ ತಮ್ಮ ತಮ್ಮೊಳಗ ಎಳದಾಡ್ಕೋತ ಇರ್ತಾವ, ಇಬ್ಬರ ಇದ್ರ ದಾರ್ಯಾಗ ಹೋಗೋರನ್ನ ಕೆಣಕ್ತಾವ. ಎಂಟು ಹತ್ತು ಟೈಗರ್ ಇಡ್ರಿ, ಜೋಡಿಗೆ ಅವರಷ್ಟ ಚುರುಕು ಇರೋ ಗಿಡ್ಡ ರೆಕ್ಕಿ ಮೀನು, ಜೀಬ್ರಾ ಡ್ಯಾನಿಯೋ ಇಲ್ಲಾ ರೋಸಿ ಬಾರ್ಬ್ ಇಡ್ರಿ, ಮೂರು ಫೂಟಿನ ಟ್ಯಾಂಕು ಇದ್ರ ಇದು ನನ್ನ ಮಟ್ಟಿಗೆ ನೋಡಾಕ ಭಾರಿ ಮಜಾ ಇರೋ ಟ್ಯಾಂಕು. ಬ್ಲ್ಯಾಕ್ ವಿಡೋ ಟೆಟ್ರಾ, ಸರ್ಪೆ ಟೆಟ್ರಾ ಇವಕ್ಕೂ ಇದ ಚಟ, ಸ್ವಲ್ಪ ಕಮ್ಮಿ ಅಷ್ಟ. ಅಂಗಡ್ಯಾಗ ಗುಲಾಬಿ, ಹಸರು, ನೀಲಿ ಹೊಳಿಯೋ ಟೆಟ್ರಾ ಇರ್ತಾವಲ್ಲ, ಅವೂ ವಿಡೋ ಟೆಟ್ರಾನ, ಬಣ್ಣ ಬದಲಾದ್ರೂ ಬುದ್ಧಿ ಬದಲಾಗಿರಂಗಿಲ್ಲ.

ಫೈಟರ್ ಬಗ್ಗೆ ಕೇಳೋರು ಭಾಳ. ಎರಡು ಗಂಡು ಫೈಟರ್ ಒಂದ ಟ್ಯಾಂಕಿನ್ಯಾಗ ಬ್ಯಾಡ, ಇದು ಎಲ್ಲಾರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರ ಬಣ್ಣದ ಉದ್ದ ಬಾಲದ ಗಂಡು ಗಪ್ಪಿ ನೋಡಿದ್ರೂ ಅದಕ್ಕ ಇನ್ನೊಂದು ಫೈಟರ್ ಕಂಡಂಗ ಆಗ್ತೈತಿ, ಬೆನ್ನ ಹತ್ತತೈತಿ. ಗುರಾಮಿ ಅದರ ಬಳಗದ್ದ, ಅದರ ಜೋಡೀನೂ ಬ್ಯಾಡ. ಫೈಟರ್ ಜೋಡಿ ಮಂದಿ ಬೇಕಂದ್ರ ನೆಲದಾಗ ಇರೋ ಕೋರಿ (ಕೋರಿಡೋರಸ್ ಅನ್ನೋ ಸಣ್ಣ ಮೀಸಿ ಮೀನು) ಇಡ್ರಿ.

ಕೋರಿ ಅಂದೆ, ಅದರಿಂದ ಇನ್ನೊಂದು ಮಾತು. ಟ್ಯಾಂಕಿನ್ಯಾಗ ಮೂರು ಅಂತಸ್ತು ಅದಾವ ಅಂತ ತಿಳ್ಕೋರಿ. ಮ್ಯಾಲ ಡ್ಯಾನಿಯೋ, ಗಪ್ಪಿ. ನಡುವ ಟೆಟ್ರಾ, ಬಾರ್ಬ್. ಕೆಳಗ ಕೋರಿ, ಲೋಚ್. ಒಂದ ಅಂತಸ್ತಿಗೆ ಮೂರು ನಾಕು ಜಾತಿ ತುರುಕಿದ್ರ ಟ್ಯಾಂಕ್ ಖಾಲಿ ಕಂಡ್ರೂ ಗದ್ಲ ಗದ್ಲ ಆಗ್ತೈತಿ, ಹಂಚಿ ಹಾಕಿದ್ರ ಅಷ್ಟ ಮೀನು ಆರಾಮ ಇರ್ತಾವ. ಕೋರಿ ಇಡೋರು ಚೂಪ ಕಲ್ಲು ಬ್ಯಾಡ, ಸಣ್ಣ ಉಸುಕು ಹಾಕ್ರಿ, ಅದರ ಮೀಸಿ ಸವೀತಾವ. ಮತ್ತ ರೋಗ ಬರಬಾರದಂತ ಟ್ಯಾಂಕಿಗೆ ಮುಷ್ಟಿಗಟ್ಟಲೆ ಉಪ್ಪು ಹಾಕೋ ರೂಢಿ ನಮ್ಮ ಕಡೆ ಐತಿ, ಮಾಲಿಗೆ ಏನೂ ಆಗಂಗಿಲ್ಲ, ಕೋರಿ ಲೋಚಿಗೆ ತ್ರಾಸ.

ಗುಂಪಿನ ಮೀನನ್ನ ಜೋಡಿ ಲೆಕ್ಕದಾಗ ತರಬ್ಯಾಡ್ರಿ. "ಎರಡು ಇದು, ಎರಡು ಅದು, ಎರಡು ಮತ್ತೊಂದು" ಅಂತ ಬಳಿ ಆರಿಸಿದಂಗ ಆರಿಸ್ತಾರ ಮಂದಿ. ಟೆಟ್ರಾ, ಡ್ಯಾನಿಯೋ, ಬಾರ್ಬ್, ಕೋರಿ ಎಲ್ಲಾ ಕನಿಷ್ಠ ಆರು ಇರಬೇಕು, ಕಮ್ಮಿ ಇದ್ರ ಹೆದರಿ ಮೂಲಿ ಹಿಡೀತಾವ ಇಲ್ಲಾ ಸಿಟ್ಟಾಗ್ತಾವ. ಅದಕ್ಕ ಉಲ್ಟಾ ಮರಿ ಹಾಕೋ ಮೀನು: ಒಂದು ಗಂಡಿಗೆ ಎರಡು-ಮೂರು ಹೆಣ್ಣು, ಇಲ್ಲಂದ್ರ ಗಂಡು ಬೆನ್ನ ಹತ್ತಿ ಹತ್ತಿ ಹೆಣ್ಣು ಸೋತು ಹೋಗ್ತೈತಿ. ತಿಂಗಳಿಗೊಮ್ಮೆ ಮರಿ ಹಾಕ್ತಾವ, ಗಂಡು ತಗದ್ರೂ ಹೆಣ್ಣು ಮುಂದ ಹಲವು ತಿಂಗಳು ಮರಿ ಹಾಕ್ತಾನ ಇರ್ತೈತಿ. ಮರಿ ಸಂಭಾಳಸಾಕ ಆಗಂಗಿಲ್ಲ ಅನ್ನೋರು ಬರೇ ಗಂಡು ಗಪ್ಪಿ ಇಡ್ರಿ, ಹೆಂಗೂ ಬಣ್ಣ ಇರೋದು ಅವಕ್ಕ.

ಹಂಗಾರ ಖರೇನ ಏನು ತರೂಣು? ಬೋರಿನ ನೀರು, ಎರಡು ಫೂಟಿನ ಟ್ಯಾಂಕು ಇದ್ರ: ಒಂದು ಗಂಡು ಮೂರು ಹೆಣ್ಣು ಪ್ಲಾಟಿ, ಕೆಳಗ ಬ್ರಾಂಜ್ ಕೋರಿ ಆರು. ಇಲ್ಲಾ ಪ್ಲಾಟಿ ಬದಲಿಗೆ ಗಂಡು ಗಪ್ಪಿ ಎಂಟು. ನೀರು ತೀರಾ ಸವಳ ಇದ್ರ ಕೋರೀನೂ ಬ್ಯಾಡ, ಮರಿ ಹಾಕೋವಷ್ಟ ಇಡ್ರಿ. ಮಲಪ್ರಭಾ ನೀರು, ಅದ ಟ್ಯಾಂಕು: ನಿಯಾನ್ ಎಂಟು, ಹನಿ ಗುರಾಮಿ ಒಂದು ಜೋಡಿ, ಅಷ್ಟ. ನಿಯಾನ್ ಬದಲಿಗೆ ಚೆರ್ರಿ ಬಾರ್ಬ್ ಹಾಕಿದ್ರ ಇನ್ನೂ ಗಟ್ಟಿ, ಶ್ರೀಲಂಕಾದ ಮೀನು, ಎರಡಿಂಚು, ಪಾಪದ್ದು, ಗಂಡು ಕೆಂಪಗ ಕೆಂಡದಂಗ ಆಗ್ತೈತಿ, ಯಾಕೋ ನಮ್ಮ ಮಂದಿಗೆ ಅದರ ಮ್ಯಾಲ ಕಣ್ಣು ಬಿದ್ದಿಲ್ಲ. ಹೀಟರ್ ಇಡೋ ವಿಚಾರ ಇಲ್ಲ ಅಂದ್ರ ಜೀಬ್ರಾ ಡ್ಯಾನಿಯೋ, ನಮ್ಮ ದೇಶದ್ದ ಮೀನು, ಚಳಿಗೂ ತಡ್ಕೋತೈತಿ. ಮಿಸ್ ಕೇರಳ ಅಂತ ಕೆಂಪ ಗೆರಿ ಮೀನು ಪಶ್ಚಿಮ ಘಟ್ಟದ್ದು, ಚಂದ ಐತಿ, ಆದ್ರ ನಾಕು ಫೂಟಿನ ಟ್ಯಾಂಕು, ಜೋರು ಹರಿಯೋ ನೀರು ಬೇಕು, ಮತ್ತ ಹೊಳ್ಯಾಗ ಅದು ಅಳಿವಿನಂಚಿನ್ಯಾಗ ಐತಿ, ಸಾಕಿ ಬೆಳಿಸಿದ್ದ ಇದ್ರ ಮಾತ್ರ ತಗೋರಿ.

ಎಲ್ಲಾ ಒಂದ ದಿನ ತಂದು ಸುರೀಬ್ಯಾಡ್ರಿ. ಹೊಸಾ ಟ್ಯಾಂಕಿನ ಫಿಲ್ಟರಿನ್ಯಾಗ ಹೊಲಸ ಕರಗಿಸೋ ಬ್ಯಾಕ್ಟೀರಿಯಾ ಬೆಳಿಯಾಕ ನಾಕರಿಂದ ಆರು ವಾರ ಬೇಕು, ಅಲ್ಲೀತನಕ ಅಮೋನಿಯಾ ನಿಲ್ಲತೈತಿ, ಸವಳ ನೀರಿನ ಪಿಎಚ್ ಹೆಚ್ಚಿದ್ದಷ್ಟೂ ಆ ಅಮೋನಿಯಾ ಹೆಚ್ಚು ವಿಷ, ಬ್ಯಾಸಿಗ್ಯಾಗ ನೀರು ಕಾದ್ರ ಮತ್ತಷ್ಟು. ಮೊದಲ ಗಟ್ಟಿ ಮೀನು ನಾಕ ನಾಕ ತರ್ರಿ, ಒಂದೆರಡು ವಾರ ಬಿಟ್ಟು ಮುಂದಿನವು. ಸಾಧು ಮೀನು ಮೊದಲ, ಜಾಗಾಕ್ಕ ಜಗಳಾಡೋ ಮೀನು ಕಡೀಗೆ, ಯಾಕಂದ್ರ ಮೊದಲ ಬಂದದ್ದು ಎಲ್ಲಾ ತಂದ ಅಂತ ಹಿಡ್ಕೊಂಡು ಬಿಡ್ತೈತಿ. ಜಾಗಾ ಇದ್ರ ಹೊಸಾ ಮೀನು ಎರಡು-ಮೂರು ವಾರ ಬ್ಯಾರೆ ಡಬ್ಯಾಗ ಇಡ್ರಿ, ಬಿಳಿ ಚುಕ್ಕಿ ರೋಗ ಬಂದ್ರ ಅಲ್ಲೇ ಗೊತ್ತಾಗ್ತೈತಿ. ಬಿಡುವಾಗ ಪ್ಯಾಕೆಟ್ ಹಂಗ ನೀರ ಮ್ಯಾಲ ಹದಿನೈದು-ಇಪ್ಪತ್ತು ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಕೂಡಿಸಿ, ಮೀನು ಮಾತ್ರ ಜಾಳಗಿಲೆ ಹಿಡಿದು ಬಿಡ್ರಿ, ಅಂಗಡಿ ನೀರು ಹೊರಗ ಚೆಲ್ರಿ. ಕರೆಂಟ್ ಭಾಳ ಹೋಗೋ ಕಡೆ ಇದ್ರ ಒಂದು ಬ್ಯಾಟರಿ ಏರ್ ಪಂಪ್ ಇಟ್ಕೋರಿ, ಮೀನಿನ ಸಂಖ್ಯಾ ಅಂಚಿನ ತನಕ ತುಂಬಿಸಿದ ಟ್ಯಾಂಕು ಮೊದಲ ಉಸುರು ಬಿಡ್ತೈತಿ.

ಇಷ್ಟೆಲ್ಲಾ ನೋಡಿ ತಂದ್ರೂ ಒಂದೊಂದು ಮೀನಿನ ಸ್ವಭಾವ ಒಂದೊಂದು ನಮೂನಿ ಇರ್ತೈತಿ. ಒಂದು ಮೀನು ಯಾವಾಗ್ಲೂ ಹೀಟರ್ ಹಿಂದ ನಿಂತಿರ್ತೈತಿ, ಆಹಾರಕ್ಕ ಬರಂಗಿಲ್ಲ, ಬಾಲ ಹರದೈತಿ ಅಂದ್ರ ಯಾರೋ ಕಾಡಾಕತ್ತಾರ ಅಂತ ತಿಳ್ಕೋರಿ. ಪೆಟ್ಟು ತಿಂದದ್ದನ್ನ ತಗೀಬ್ಯಾಡ್ರಿ, ಹೊಡದದ್ದನ್ನ ತಗೀರಿ, ಒಂದು ವಾರ ಬ್ಯಾರೆ ಇಟ್ಟು, ಅಷ್ಟರಾಗ ಕಲ್ಲು ಗಿಡ ಎಲ್ಲಾ ಜಾಗಾ ಬದಲ ಮಾಡಿ, ಆಮ್ಯಾಲ ವಾಪಸ್ ಬಿಡ್ರಿ, ಅದರ ಹಳೇ ಸರಹದ್ದು ಅಳಿಸಿ ಹೋಗಿರ್ತೈತಿ. ಆದ್ರೂ ಸುಧಾರಿಸಲಿಲ್ಲಂದ್ರ ಅಂಗಡಿಗೆ ವಾಪಸ್ ಕೊಡ್ರಿ, ತಗೋತಾರೋ ಇಲ್ಲೋ ಅನ್ನೋದನ್ನ ಖರೀದಿ ಮಾಡೋ ದಿನಾನ ಕೇಳಿಟ್ಕೋರಿ. ಇಲ್ಲಾ ದೊಡ್ಡ ಟ್ಯಾಂಕು ಇದ್ದೋರಿಗೆ ಕೊಡ್ರಿ. ಉಣಕಲ್ ಕೆರಿಗೋ ಕೆಲಗೇರಿ ಕೆರಿಗೋ ಒಯ್ದು ಬಿಡೋದು ಮಾತ್ರ ಬ್ಯಾಡ್ರಿ, ಸಕ್ಕರ್ ಫಿಶ್ ಹಿಂಗ ಮನಿ ಟ್ಯಾಂಕಿನಿಂದ ಹೊರಗ ಬಿದ್ದು ದೇಶದಾಗ ಎಷ್ಟೋ ಕಡೆ ಕೆರಿ ಹೊಳ್ಯಾಗ ಬೇರೂರೈತಿ, ಬಲಿ ಹಾಕಿದ್ರ ತಿನ್ನೋ ಮೀನಿನ ಬದಲಿಗೆ ಅದ ಬರ್ತೈತಿ, ಮುಳ್ಳಿಗೆ ಬಲೀನೂ ಹರೀತೈತಿ.